ಬಾಗಿಲು ತೆಗೆದಿಟ್ಟ ದಿನ

ಯಂತ್ರಗಳನ್ನು ಮುಟ್ಟಬೇಡ ಎಂದು ಬರ್ನಡೀನ್ ನಿನ್ನೆ ಊಟದ ಹೊತ್ತಿಗೊಮ್ಮೆ, ಮಲಗಲು ಹೋಗುವಾಗ ಮೆಟ್ಟಿಲ ನಡುವೆ ಮಂಡಿ ಹಿಡಿದುಕೊಂಡು ನಿಂತು ಇನ್ನೊಮ್ಮೆ ಹೇಳಿದ್ದಳು. ಆದರೂ ಬೆಳಕು ಹರಿಯುವ ಹೊತ್ತಿಗೆ ಅವಳ ತಮ್ಮ ಓರಿನ್ ಟ್ಯಾಕಬೆರಿ ಕೊಟ್ಟಿಗೆಯಲ್ಲಿ ಬ್ರಷ್ ಹಿಡಿದು ನಿಂತಿದ್ದ. ಮುಟ್ಟುವ ಉದ್ದೇಶ ಅವನಿಗೆ ಖಂಡಿತ ಇರಲಿಲ್ಲ. ಯಂತ್ರಗಳ ಮೇಲಿನ ತೊಲೆಗೆ ಜೇಡರ ಬಲೆ ಕಟ್ಟಿತ್ತು, ಅದನ್ನಷ್ಟು ತೆಗೆಯೋಣ ಎಂದು ಬಂದಿದ್ದ. ತೊಲೆ ಯಂತ್ರವಲ್ಲವಲ್ಲ. ಬಲೆ ತೆಗೆದಾಗ ಅದರ ಧೂಳು ಕೆಳಗಿನ ಪೆಟ್ಟಿಗೆಯ ಮೇಲೆ ಬಿತ್ತು. ತಾನು ಬೀಳಿಸಿದ ಧೂಳನ್ನು ತಾನೇ ಒರೆಸಿದರೆ ಅದು ಮುಟ್ಟಿದ ಹಾಗಲ್ಲ ಎಂದು ತೀರ್ಮಾನಿಸಿ ಒಂದನ್ನು ಒರೆಸಿದ. ಒಂದನ್ನು ಒರೆಸಿದ ಮೇಲೆ ಪಕ್ಕದ್ದು ಮೊದಲಿಗಿಂತ ಕೊಳಕಾಗಿ ಕಂಡಿತು. ಯಾರೋ ಹೊರಗಿನವನು ಬಂದು ಇದನ್ನು ನೋಡುತ್ತಾನೆ ಎಂಬ ಯೋಚನೆಗೆ ಅವನ ಕಿವಿ ಬಿಸಿಯಾಯಿತು. ಈ ವಯಸ್ಸಿನಲ್ಲೂ ನಾಚಿಕೆ ಮೊದಲು ಕಿವಿಗೇ ಬರುತ್ತದಲ್ಲ ಎಂದು ಬೇಸರವೂ ಆಯಿತು.

ಹಸುಗಳು ನಿಲ್ಲುತ್ತಿದ್ದ ಕಡೆ ಈಗ ಕಬ್ಬಿಣದ ಕಪಾಟುಗಳು. ಕಪಾಟಿನ ತುಂಬ ಬೂಟಿನ ಡಬ್ಬಿಗಿಂತ ಒಂದಿಷ್ಟು ದೊಡ್ಡ ಪೆಟ್ಟಿಗೆಗಳು, ಒಂದೊಂದಕ್ಕೂ ಹಿಂದೊಂದು ಮುಂದೊಂದು ಫ್ಯಾನು, ಎಲ್ಲ ಸೇರಿ ಹಗಲಿರುಳು ಒಂದೇ ಸಮ ಗೋಳು. ಅವು ಒಳಗೊಳಗೇ ಏನೋ ಲೆಕ್ಕ ಮಾಡುತ್ತವೆ, ಆ ಲೆಕ್ಕದಿಂದ ಬಿಟ್‌ಕಾಯಿನ್ ಎಂಬ ಕಣ್ಣಿಗೆ ಕಾಣದ ಹಣ ಹುಟ್ಟುತ್ತದೆ. ಎಂಥ ಲೆಕ್ಕ, ಯಾರಿಗೆ ಬೇಕಾದ ಲೆಕ್ಕ ಎಂಬುದು ಇವತ್ತಿಗೂ ಓರಿನ್‌ನ ತಲೆಗೆ ಹತ್ತಿಲ್ಲ. ಹತ್ತಿದ್ದು ವೇಗ ಮಾತ್ರ. ಪೆಟ್ಟಿಗೆಯ ಮೇಲೆ ನೂರು ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದರು. ಬಂದ ದಿನದಿಂದ ಅವು ಎಂಬತ್ತರ ಆಚೀಚೆ ಓಡಿದವು, ಬಿಸಿಲೇರಿದರೆ ಅದಕ್ಕೂ ಕೆಳಗಿಳಿದವು. ಕರೆಂಟನ್ನು ಮಾತ್ರ ನೂರರ ಲೆಕ್ಕಕ್ಕೇ ಕುಡಿದವು. ಸೇಂಟ್ ಲಾರೆನ್ಸ್ ನದಿಯ ಅಣೆಕಟ್ಟಿನ ಕರೆಂಟು ಅಗ್ಗ, ಆದ್ದರಿಂದ ಈ ಕಡೆ ಯಾರು ಬೇಕಾದರೂ ಇದನ್ನು ಮಾಡಬಹುದು ಎಂದು ಮಾರುವವನು ಹೇಳಿದ್ದ. ಅದು ನಿಜವೇ. ಸುತ್ತಮುತ್ತ ಯಾರು ಯಾರೋ ಮಾಡಿದರು, ಯಾರು ಯಾರೋ ಬಿಟ್ಟರು.

ಚಳಿಗಾಲವೆಲ್ಲ ಬರ್ನಡೀನ್ ಫೋನಿಗೆ ಅಂಟಿಕೊಂಡು ಕೂತಿದ್ದಳು. ಶಾಲೆಯ ಬಸ್ಸು ಓಡಿಸುತ್ತಿದ್ದಾಗ ಹಿಂದಿನ ಸೀಟಿನ ಪುಂಡರನ್ನು ಕನ್ನಡಿಯಲ್ಲೇ ನೋಡಿ ಗದರುತ್ತಿದ್ದ ಗಂಟಲು ಅದು. ಯಂತ್ರ ಮಾರಿದ ಕಂಪನಿಯವರು ಕೊನೆಗೂ ಮಣಿದರು. ಒಬ್ಬನನ್ನು ಕಳಿಸುತ್ತೇವೆ, ಯಂತ್ರ ಎಲ್ಲಿದೆಯೋ ಹೇಗಿದೆಯೋ ಹಾಗೇ ಪರೀಕ್ಷೆ ಮಾಡುತ್ತಾನೆ, ಹೇಳಿದ್ದಕ್ಕಿಂತ ತೀರ ಕಡಿಮೆ ಓಡಿದರೆ ಎಲ್ಲವನ್ನೂ ವಾಪಸು ತೆಗೆದುಕೊಂಡು ಕೊಟ್ಟ ಹಣ ಹಿಂತಿರುಗಿಸುತ್ತೇವೆ ಎಂದರು. ಆ ದಿನ ಅವಳು ಫೋನಿಟ್ಟು ಅಡುಗೆಮನೆಯ ಕುರ್ಚಿಯಲ್ಲಿ ಸುಮ್ಮನೆ ಕೂತಳು. ಪಟ್ಟಣದಲ್ಲಿ ಲೈಬ್ರರಿಯ ಪಕ್ಕ ಒಂದು ಪುಟ್ಟ ಮನೆ ಮಾರಾಟಕ್ಕಿತ್ತು. ಎಲ್ಲವೂ ನೆಲದ ಮಟ್ಟದಲ್ಲಿ, ಒಂದು ಮೆಟ್ಟಿಲೂ ಇಲ್ಲ. ಈ ತಿಂಗಳ ಕೊನೆಯವರೆಗೆ ಕಾಯುತ್ತೇವೆ ಎಂದು ಆ ಮನೆಯ ಮಾಲೀಕರು ಹೇಳಿದ್ದರು. ಗಂಡ ಹೋಮರ್ ತೀರಿಕೊಂಡ ಮೇಲೆ ಅವನು ದುಡಿದ ಕಾರ್ಖಾನೆಯಿಂದ ಬಂದ ಹಣವನ್ನೆಲ್ಲ ಅವಳು ಈ ಪೆಟ್ಟಿಗೆಗಳಿಗೆ ಸುರಿದಿದ್ದಳು. ಸುರಿಯುವಂತೆ ಮಾಡಿದವನು ಓರಿನ್. ಒಂದೆರಡು ತಿಂಗಳಿಗೆ ಎಂದು ತಮ್ಮನ ಮನೆಯ ಮಹಡಿಗೆ ಬಂದವಳು ಅಲ್ಲೇ ಉಳಿದಳು. ಇಂದಿನ ಪರೀಕ್ಷೆಯಲ್ಲಿ ಯಂತ್ರಗಳು ಸೋತರೆ ಆ ಹಣ ವಾಪಸು ಬಂದು ಅವಳಿಗೆ ಲೈಬ್ರರಿ ಪಕ್ಕದ ಮನೆ. ಇಷ್ಟೇ ವಿಷಯ. ಒಂದು ದಿನ ಅವು ಎಂದಿನಂತೆ ಸೋತರೆ ಸಾಕು, ಅದಕ್ಕಾಗಿ ಯಾರೂ ಏನೂ ಮಾಡಬೇಕಿಲ್ಲ, ಓರಿನ್ ಅಂತೂ ಹಾಸಿಗೆಯಿಂದ ಏಳುವುದೂ ಬೇಕಿರಲಿಲ್ಲ.

ಗಾಳಿ ಹೊಡೆಯುವ ಕಂಪ್ರೆಸರಿನ ಕೊಳವೆಯನ್ನು ಯಾವಾಗ ಕೈಗೆ ತೆಗೆದುಕೊಂಡನೋ ಅವನಿಗೇ ತಿಳಿಯಲಿಲ್ಲ. ಒಂದು ಕಪಾಟಿನ ಯಂತ್ರಗಳನ್ನು ನಿಲ್ಲಿಸಿ, ಪೆಟ್ಟಿಗೆಗಳ ಒಳಗೆ ಗಾಳಿ ಬಿಟ್ಟಾಗ ಬೂದು ಬಣ್ಣದ ಧೂಳು ಮುಖಕ್ಕೆ ರಾಚಿತು. ಹಳೆಯ ಹುಲ್ಲಿನ ಪುಡಿ, ಒಣಗಿದ ಸಗಣಿಯ ಪುಡಿ, ಅಷ್ಟು ವರ್ಷ ಇಲ್ಲಿ ಉಸಿರಾಡಿದ ಪ್ರಾಣಿಗಳ ಕೂದಲು. ಅವನಿಗೆ ಸೀನು ಬಂತು, ಹಿಂದೆಯೇ ಕಣ್ಣಲ್ಲಿ ನೀರೂ ಬಂತು, ಅದು ಧೂಳಿಗೇ ಬಂದದ್ದೆಂದುಕೊಂಡ. ಗೂಳಿಗಳ ವೀರ್ಯ ಮಾರುವವರು ಕೊಡುತ್ತಿದ್ದ ಬಣ್ಣದ ಪುಸ್ತಕದಲ್ಲಿ ಒಂದೊಂದು ಗೂಳಿಯ ಕೆಳಗೂ ಅದರ ಹೆಣ್ಣುಕರುಗಳು ಎಷ್ಟು ಹಾಲು ಕರೆಯುತ್ತವೆ ಎಂದು ಬರೆದಿರುತ್ತಿತ್ತು. ಆ ಅಂಕಿಯಲ್ಲಿ ಒಂದು ಪಾಲನ್ನು ಮನಸ್ಸಿನಲ್ಲೇ ಹೊಡೆದುಹಾಕಿ ಓದುವುದು ಈ ಸೀಮೆಯ ಎಲ್ಲ ರೈತರಿಗೂ ಹುಟ್ಟಿನಿಂದ ಬಂದ ವಿದ್ಯೆ. ಯಂತ್ರಗಳ ಪುಸ್ತಕವನ್ನು ಅಕ್ಕನ ಮುಂದೆ ಬಿಡಿಸಿಟ್ಟ ದಿನ ಓರಿನ್ ಆ ಪಾಲನ್ನು ಹೊಡೆದುಹಾಕಲಿಲ್ಲ. ಹಸುವಿಗೆ ಒಂದು ದಿನ ಹೊಟ್ಟೆ ಸರಿಯಿರುವುದಿಲ್ಲ, ಒಂದು ದಿನ ಮನಸ್ಸು ಸರಿಯಿರುವುದಿಲ್ಲ. ಯಂತ್ರಕ್ಕೇನಿದೆ, ನೂರು ಅಂದರೆ ನೂರು ಎಂದು ಬೆರಳಿಟ್ಟು ತೋರಿಸಿದ್ದ. ಬರ್ನಡೀನ್ ಕನ್ನಡಕ ಹಾಕಿಕೊಂಡು ಆ ಬೆರಳನ್ನೇ ನೋಡಿದ್ದಳು. ನೀನು ಪ್ರಾಣಿ ಆರಿಸುವುದರಲ್ಲಿ ಯಾವತ್ತೂ ತಪ್ಪಿಲ್ಲ ಬಿಡು ಎಂದಿದ್ದಳು. 

ಮುಂದಿನದು ಒಂದೊಂದಾಗಿ ತಾನೇ ನಡೆದುಹೋಯಿತು. ಬಡಕಲು ಯಂತ್ರಗಳು ಯಾವುವು ಎಂದು ಅವನಿಗೆ ಗೊತ್ತಿತ್ತು, ಅವನ್ನು ಮೂಲೆಯಿಂದ ತೆಗೆದು ಗಾಳಿ ಬೀಸುವ ಕಡೆಗೆ ಇಟ್ಟ. ಬಿಸಿಯಾದವುಗಳನ್ನು ತಂಪಾಗಲು ಸ್ವಲ್ಪ ಹೊತ್ತು ಆರಿಸಿಟ್ಟು ಮತ್ತೆ ಹಚ್ಚಿದ. ಕೊನೆಗೆ ಬಡಗಣ ಗೋಡೆಯ ದೊಡ್ಡ ಬಾಗಿಲನ್ನು ತಳ್ಳಿದ. ಅದು ಮುಚ್ಚಿಯೇ ಇರಬೇಕಾದ ಬಾಗಿಲು. ಗೋಳು ಊರಿಗೆ ಕೇಳಿಸುತ್ತದೆ ಎಂದು ರಸ್ತೆಯಾಚೆಯ ಮನೆಯವರು ದೂರು ಕೊಟ್ಟಾಗ, ಊರಿನ ಸಭೆಯಲ್ಲಿ ಎಲ್ಲರ ಮುಂದೆ ಓರಿನ್ ಎದ್ದು ನಿಂತು ಟೋಪಿ ತಿರುಗಿಸುತ್ತ ಇನ್ನು ಮುಂದೆ ಹಗಲೂ ಇರುಳೂ ಬಾಗಿಲು ಹಾಕಿಯೇ ಇಡುತ್ತೇನೆ ಎಂದು ಒಪ್ಪಿಕೊಂಡಿದ್ದ. ಮುಚ್ಚಿದ ಕೋಣೆಯಲ್ಲೂ ಆರಾಮಾಗಿ ಓಡುತ್ತವೆ ಎಂದು ಯಂತ್ರಗಳ ಪುಸ್ತಕದಲ್ಲೇ ಬರೆದಿತ್ತಲ್ಲ. ಬಾಗಿಲು ಜರುಗಿದಾಗ ನದಿಯ ಕಡೆಯಿಂದ ಮೇ ತಿಂಗಳ ತಣ್ಣನೆಯ ಗಾಳಿ ನುಗ್ಗಿತು. ಅವನಿಗೆ ಚಿಕ್ಕಂದಿನ, ಜಾತ್ರೆಯಂಥ ದನಗಳ ಜಿಲ್ಲಾ ಪ್ರದರ್ಶನದ ಬೆಳಗುಗಳು ನೆನಪಾದವು. ಅವನೂ ಬರ್ನಡೀನಳೂ ಹಸುವಿನ ಪಕ್ಕ ಹುಲ್ಲಿನ ಮೇಲೇ ಮಲಗಿ, ಎದ್ದು ನಡುಗುತ್ತ ಅದರ ಬಾಲ ತೊಳೆಯುತ್ತಿದ್ದರು. ಬಾಲದ ಬಿಳಿ ಎದ್ದು ಕಾಣಲಿ ಎಂದು ನೀರಿಗೆ ನೀಲಿ ಹಾಕುವುದು ಅವಳ ಕೆಲಸ. ಬಹುಮಾನ ಕೊಡುವವನು ಮುಂದೆ ಬಂದು ನಿಂತಾಗ ಒಮ್ಮೆ ಓರಿನ್, ಇವಳು ಇವತ್ತು ಮೇವು ಮುಟ್ಟಿಲ್ಲ ಸರ್ ಎಂದುಬಿಟ್ಟಿದ್ದ. ನಿಜವನ್ನೇ ಹೇಳಿದ್ದ. ಮನೆಗೆ ಬರುವ ದಾರಿಯಲ್ಲಿ ಅಪ್ಪ ಲಾರಿ ನಿಲ್ಲಿಸಿ ಅವನನ್ನು ಕೆಳಗಿಳಿಸಿದ. ನಿನ್ನ ಪ್ರಾಣಿಯನ್ನ ನೀನೇ ಹಳಿದ್ರೆ ಬೇರೆಯೋರು ಏನು ಮಾಡ್ಬೇಕೋ ಎಂದು ಕೇಳಿ ಉಳಿದ ದಾರಿಯುದ್ದಕ್ಕೂ ಅವನನ್ನು ಲಾರಿಯ ಹಿಂದೆ ನಡೆಸಿದ. ಲಾರಿಯ ಹಿಂಭಾಗದಲ್ಲಿ ಕಟ್ಟಿದ್ದ ಹಸು ಅವನ ಕಡೆಗೇ ನೋಡುತ್ತಿತ್ತು.

ಅಡುಗೆಮನೆಗೆ ಬಂದಾಗ ಬರ್ನಡೀನ್ ಒಲೆಯಿಂದ ಪೈ ತೆಗೆಯುತ್ತಿದ್ದಳು. ಹಿತ್ತಲಲ್ಲಿ ಆಗತಾನೇ ಎದ್ದ ರೂಬಾರ್ಬಿನ ಹುಳಿ ದಂಟನ್ನು ಹಿಟ್ಟಿನೊಳಗಿಟ್ಟು ಬೇಯಿಸಿದ ಸಿಹಿ ಪೈ. ಚರ್ಚಿಗೆ ಹೋಗುವಾಗ ಹಾಕುವ ನೀಲಿ ಸ್ವೆಟರು ತೊಟ್ಟಿದ್ದಳು.

"ಕೊಟ್ಟಿಗೆಗೆ ಹೋಗಿದ್ದೆಯಾ?"

"ಹೂಂ."

"ಮುಟ್ಟಿಲ್ಲ ತಾನೇ?"

"ಒಂದಿಷ್ಟು ಜೇಡರ ಬಲೆ ಇತ್ತು."

"ಜೇಡಾನ ಅದರ ಪಾಡಿಗೆ ಬಿಡೋಕೆ ಏನಾಗಿತ್ತೋ ನಿನಗೆ? ನಮ್ಮ ಕಡೆ ಸಾಕ್ಷಿ ಹೇಳೋಕೆ ಇದ್ದಿದ್ದೇ ಅದೊಂದು." ಅವಳು ಪೈಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕಿವಿ ಕೊಟ್ಟಳು. "ಬಾಗಿಲು ತೆಗೆದಿದ್ದೀಯ. ಇಲ್ಲೀವರೆಗೂ ಅಳ್ತಿವೆ."

"ಧೂಳು ಹೋಗ್ಲಿ ಅಂತ."

"ಅವನು ಬರೋದ್ರೊಳಗೆ ಹಾಕು."

"ಹಾಕ್ತೀನಿ."

"ಹಾಕ್ತೀನಿ ಅನ್ನೋದಲ್ಲ, ಹಾಕು."

"ಕಾಫಿ ಕುಡಿದು ಹಾಕ್ತೀನಿ ಬರ್ನಿ. ಬಸ್ ಓಡಿಸ್ತಿದ್ದೀಯಾ ಇನ್ನೂ?"

ಅವಳು ನಕ್ಕಳು. ಇತ್ತೀಚೆಗೆ ಅವಳು ನಕ್ಕದ್ದು ಕಡಿಮೆ. ಹಾಕಬೇಕೆಂದೇ ಅವನು ಕೂತಿದ್ದ, ಇದರಲ್ಲಿ ಸುಳ್ಳಿರಲಿಲ್ಲ. ಕಾಫಿ ಬಿಸಿಯಿತ್ತು, ನಿಧಾನವಾಗಿ ಕುಡಿದ. ಅವಳು ಎದುರಿಗೆ ಕೂತು ಹೊಸ ಮನೆಯ ಅಡುಗೆಕೋಣೆಯ ಗೋಡೆಗೆ ಯಾವ ಬಣ್ಣ ಬಳಿಸುತ್ತೇನೆ ಎಂದು ಹೇಳುತ್ತಿದ್ದಳು. ಹೋಮರ್‌ಗೆ ಹಸಿರು ಕಂಡರಾಗುತ್ತಿರಲಿಲ್ಲ, ಈಗ ಅವನಿಲ್ಲ, ಹಸಿರೇ ಬಳಿಸುತ್ತೇನೆ ಎಂದಳು. ಭಾನುವಾರ ನೀನು ಊಟಕ್ಕೆ ಬರಬೇಕು, ಬೂಟು ಹೊರಗೆ ಬಿಟ್ಟು ಬರಬೇಕು ಎಂದಳು. ಓರಿನ್ ತಲೆಯಾಡಿಸಿದ. ಅವಳು ಬರುವುದಕ್ಕೆ ಮುಂಚಿನ ಚಳಿಗಾಲ ಅವನ ಮನಸ್ಸಿನಲ್ಲಿ ಸುಮ್ಮನೆ ಹಾದುಹೋಯಿತು. ಹಾಲಿನ ಲಾರಿ ಸಣ್ಣ ಕೊಟ್ಟಿಗೆಗಳಿಗೆ ಬರುವುದನ್ನು ನಿಲ್ಲಿಸಿದ್ದರಿಂದ ಹಸುಗಳನ್ನೆಲ್ಲ ಮಾರಿ, ಮದುವೆಯೂ ಆಗದೆ ಉಳಿದವನು ಬಾಣಲೆಯಿಂದಲೇ ನಿಂತುಕೊಂಡು ಊಟ ಮಾಡುತ್ತಿದ್ದ. ಒಂದು ದಿನ ರೇಡಿಯೋದವನು ಹವಾಮಾನ ಹೇಳಿ ಮುಗಿಸಿದಾಗ, ಥ್ಯಾಂಕ್ಸ್ ಎಂದು ಬಾಯಿಬಿಟ್ಟು ಹೇಳಿದ್ದ. ಹೇಳಿದ ಮೇಲೆ ಹೆದರಿ ರೇಡಿಯೋ ಆರಿಸಿದ್ದ. ಬರ್ನಡೀನ್ ಬಂದ ಮೇಲೆ ತಲೆಯ ಮೇಲಿನ ಮಹಡಿಯಲ್ಲಿ ಹೆಜ್ಜೆ ಕೇಳತೊಡಗಿತು, ಕೆಮ್ಮು ಕೇಳತೊಡಗಿತು, ಸಾಮಾನು ಸರಿಯಾದ ಕಡೆ ಇಡಲಿಲ್ಲವೆಂದು ಬೈಯುವುದು ಕೇಳತೊಡಗಿತು. ಅಷ್ಟರಲ್ಲಿ ಅಂಗಳಕ್ಕೆ ಕಾರು ಬಂತು. ಹೇಳಿದ್ದಕ್ಕಿಂತ ಬೇಗನೇ ಬಂತು.

ಬಂದವನ ಹೆಸರು ಕ್ವಿಗ್ಲಿ. ಮಧ್ಯವಯಸ್ಸಿನ, ಹೆಗಲು ಇಳಿಬಿದ್ದ, ಮೂಗು ಕೆಂಪಾದ ಮನುಷ್ಯ. ಕಾರಿನಿಂದ ಇಳಿದವನೇ ಮನೆಯ ಮುಂದೆ ಹೂಬಿಟ್ಟ ಲೈಲಾಕ್ ಗಿಡಗಳನ್ನು ನೋಡಿ ಕರ್ಚೀಫು ತೆಗೆದ. "ಇದು ಎಲ್ಲಾರ ಮನೆ ಮುಂದೂ ಇರುತ್ತೆ ಮೇಡಂ, ನನ್ನ ಪ್ರಾಣ ತಿನ್ನೋಕೆ" ಎಂದು ಸೀನಿದ. ಬರ್ನಡೀನ್ ಅವನನ್ನು ಒಳಗೆ ಕರೆದಳು, ಅವನು ಕೆಲಸ ಮೊದಲು ಎಂದು ಗೋಳು ಬಂದ ದಿಕ್ಕಿಗೆ ತಾನೇ ನಡೆದುಬಿಟ್ಟ. ಬಾಗಿಲು ಹಾಕಲು ಓರಿನ್ ಈಗಲೂ ಮುಂದೆ ಓಡಬಹುದಿತ್ತು. ಹೊರಗಿನವನ ಕಣ್ಣೆದುರು ಬಾಗಿಲು ಹಾಕಿದರೆ ಏನೆಂದುಕೊಂಡಾನು, ಯಂತ್ರಗಳನ್ನು ಬೇಕೆಂದೇ ಬೇಯಿಸುತ್ತಿದ್ದಾನೆ ಎಂದಾನು. ಹೀಗೆಂದುಕೊಂಡು ಅವನ ಹಿಂದೆ ಹಿಂದೆ ನಡೆದ. ಬೆನ್ನ ಮೇಲೆ ಅಕ್ಕನ ಕಣ್ಣಿದೆ ಎಂದು ತಿರುಗಿ ನೋಡದೆಯೇ ತಿಳಿಯಿತು.

ಕ್ವಿಗ್ಲಿ ಕಪಾಟಿಗೊಂದರಂತೆ ಯಂತ್ರಗಳನ್ನು ಆಯ್ದು ತನ್ನ ಕಂಪ್ಯೂಟರಿಗೆ ಜೋಡಿಸಿದ. ಆಮೇಲೆ ಬಕೆಟ್ಟೊಂದನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂತ. ಯಂತ್ರಗಳು ಏನು ಹೇಳಿಕೊಳ್ಳುತ್ತವೆ ಎಂಬುದಕ್ಕೆ ಬೆಲೆಯಿಲ್ಲ, ಅವು ಮಾಡಿದ ಲೆಕ್ಕ ಹೊರಗೆ ಎಷ್ಟು ತಲುಪುತ್ತದೆ ಎಂದು ಮಧ್ಯಾಹ್ನದವರೆಗೆ ಎಣಿಸಬೇಕು ಎಂದ. ಅಂಕಿ ತೊಂಬತ್ತರಲ್ಲಿ ಶುರುವಾಯಿತು. ಓರಿನ್ ಅದನ್ನು ನೋಡಲಾರದೆ ಕಂಬದ ಮೊಳೆಯೊಂದನ್ನು ನೋಡಿದ. ಮತ್ತೆ ನೋಡಿದಾಗ ತೊಂಬತ್ತನಾಲ್ಕು. ಇಳಿ, ಇಳಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಬೇಡಿಕೊಳ್ಳುತ್ತಿದ್ದಾಗಲೇ, ಮೂಲೆಯಿಂದ ತಂದಿಟ್ಟ ಬಡಕಲು ಯಂತ್ರವೊಂದು ಉಳಿದವಕ್ಕೆ ಸಮನಾಗಿ ಓಡುತ್ತಿರುವುದು ಕಂಡು ಎದೆ ಉಬ್ಬಿತು. ಉಬ್ಬಿದ ಎದೆಯನ್ನು ಕಂಡು ತನ್ನ ಬಗ್ಗೆ ಅಸಹ್ಯವಾಯಿತು. ಎರಡೂ ಒಟ್ಟಿಗೇ ಇದ್ದವು. ನದಿಯ ಗಾಳಿ ಬೀಸುತ್ತಲೇ ಇತ್ತು, ಇವತ್ತಾದರೂ ಬಿಸಿಲು ಸರಿಯಾಗಿ ಬೀಳಬಾರದೇ ಎಂದು ಮೋಡವನ್ನು ಬೈದ. ತಂಪಿನಲ್ಲಿ ಚೆನ್ನಾಗಿ ಓಡುವುದೂ ಒಂದು ಓಟವೇ ಅಲ್ಲವೇ, ಹಾಗಿದ್ದರೆ ಆ ನೂರು ಪೂರ್ತಿ ಸುಳ್ಳಲ್ಲ, ತಾನು ಬೆರಳಿಟ್ಟು ತೋರಿಸಿದ್ದೂ ಪೂರ್ತಿ ಮೋಸವಲ್ಲ ಎಂಬ ಯೋಚನೆ ಬಂದು ಸ್ವಲ್ಪ ಹೊತ್ತು ಹಿತವಾಗಿತ್ತು. ಆಮೇಲೆ ಅದೂ ಹೋಯಿತು. ತುಂಬ ದಣಿವಾಗಿತ್ತು. ಹಸು ಕರೆಯುವ ದಿನಗಳ ದಣಿವಿಗೆ ನಿದ್ದೆ ಬರುತ್ತಿತ್ತು, ಇದಕ್ಕೆ ಬರುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕ್ವಿಗ್ಲಿ ಕಂಪ್ಯೂಟರಿನ ಕಡೆ ಬಾಗಿ, ಕಣ್ಣೊರೆಸಿಕೊಂಡು ಇನ್ನೊಮ್ಮೆ ಬಾಗಿದ. "ತೊಂಬತ್ತಾರು" ಎಂದ. "ನಾನು ಹೇಳಿದೆ ಅಂತ ಎಲ್ಲೂ ಹೇಳ್ಬೇಡಿ ಮಿಸ್ಟರ್ ಟ್ಯಾಕಬೆರಿ. ಈ ಮಾಡೆಲ್ಲು ಯಾರ ಮನೇಲೂ ಎಂಬತ್ತೈದು ದಾಟಿದ್ದು ನಾನು ಕಂಡಿಲ್ಲ. ಹೋದಲ್ಲೆಲ್ಲ ವಾಪಸ್ ತಗೊಳ್ಳಿ ಅಂತ ಬರೆದು ಬರೆದು ಸಾಕಾಗಿದೆ. ಇಲ್ಲೂ ಅದೇ ಬರೆಯೋದು ಅಂದ್ಕೊಂಡೇ ಬಂದೆ."

ಓರಿನ್ ಕೆಳಗೆ ಬಿದ್ದಿದ್ದ ಬ್ರಷ್ ಎತ್ತಿ ಕಂಬದ ಮೊಳೆಗೆ ನೇತುಹಾಕಿದ.

"ಮೊದಲು ಹಸು ಸಾಕಿದ್ರಾ?"

"ಇಲ್ಲೇ. ಇದೇ ಜಾಗದಲ್ಲಿ."

"ಗೊತ್ತಾಗುತ್ತೆ. ಮಷಿನ್‌ಗಳನ್ನ ಇಷ್ಟು ಚೊಕ್ಕಟವಾಗಿ ಇಟ್ಟೋರು ಇನ್ನೊಬ್ಬರಿಲ್ಲ." ಅವನು ಎದ್ದು ನಿಂತು ಬಾಗಿಲ ಕಡೆ ನೋಡಿದ, ಒರೆಸಿದ ತೊಲೆಯ ಕಡೆ ನೋಡಿದ. ಬರ್ನಡೀನ್ ಪೈಯನ್ನೂ ಕಾಫಿಯನ್ನೂ ತಟ್ಟೆಯಲ್ಲಿ ಹಿಡಿದುಕೊಂಡು ಒಳಗೆ ಬಂದಿದ್ದಳು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದ ಕ್ವಿಗ್ಲಿ. "ದಿನಾ ಹೀಗೇನಾ? ಈ ಬಾಗಿಲು, ಗಾಳಿ, ಈ ಚೊಕ್ಕಟ? ಇಲ್ಲಾ ನಾನು ಬರ್ತೀನಿ ಅಂತ ಇವತ್ತೊಂದಿನ ಮಾಡಿದ್ದಾ? ಇವತ್ತೊಂದಿನ ಅಂದ್ರೆ ಹಾಗೇ ಬರ್ಕೋತೀನಿ. ಬಾಗಿಲು ಹಾಕಿ ನಾಳೆ ಇನ್ನೊಂದು ಸಲ ನೋಡೋಣ. ನನಗೇನೂ ತೊಂದರೆ ಇಲ್ಲ."

ಇದಕ್ಕಿಂತ ಸುಲಭವಾದ ಪ್ರಶ್ನೆಯನ್ನು ಓರಿನ್‌ಗೆ ಬದುಕಿನಲ್ಲಿ ಯಾರೂ ಕೇಳಿರಲಿಲ್ಲ. ಉತ್ತರವನ್ನು ಕೇಳುವವನೇ ಕೈಯಲ್ಲಿಟ್ಟಿದ್ದ. ಇಲ್ಲ ಎಂದರೆ ಸಾಕು. ಇಲ್ಲ ಸ್ವಾಮಿ, ಬಾಗಿಲು ಯಾವತ್ತೂ ಹಾಕಿರುತ್ತೆ, ಧೂಳು ಬೆರಳಷ್ಟು ದಪ್ಪ ಕೂತಿತ್ತು, ಮುಟ್ಟಬೇಡ ಎಂದಿದ್ದರು, ನಾನು ಮುಟ್ಟಿದೆ. ಮಾತುಗಳು ಸಾಲಾಗಿ ನಿಂತಿದ್ದವು. ಅಕ್ಕನ ಕೈಯ ತಟ್ಟೆಯಲ್ಲಿ ಕಪ್ಪುಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಆ ಕಡೆ ನೋಡಿದರೆ ಇಲ್ಲ ಎಂದುಬಿಡುತ್ತೇನೆ ಎಂದು ಅವನಿಗೆ ತಿಳಿದಿತ್ತು. ನೋಡಲಿಲ್ಲ. ಕ್ವಿಗ್ಲಿಯ ಕೆಂಪು ಮೂಗನ್ನು ನೋಡಿದ. ಇನ್ನೊಬ್ಬರಿಲ್ಲ ಎಂಬ ಮಾತು ಕಿವಿಯಲ್ಲಿತ್ತು. ಹಸುಗಳು ಹೋದ ಮೇಲೆ ಅಂಥ ಮಾತನ್ನು ಯಾರೂ ಅವನಿಗೆ ಹೇಳಿರಲಿಲ್ಲ, ಹಾಗೆ ಹೇಳಿಸಿಕೊಳ್ಳುವುದಕ್ಕೆ ಅವನ ಬಳಿ ಏನೂ ಇರಲಿಲ್ಲ. ಇಲ್ಲ ಎಂದರೆ ಅದನ್ನು ವಾಪಸು ಕೊಡಬೇಕು. ಇಲ್ಲ ಎಂದರೆ ನಾಳೆ ಲಾರಿ ಬಂದು ಪೆಟ್ಟಿಗೆಗಳನ್ನು ಒಯ್ಯುತ್ತದೆ, ಆಮೇಲೆ ಇನ್ನೊಂದು ಲಾರಿ ಬಂದು ಅವಳ ಮಂಚವನ್ನೂ ಹೊಲಿಗೆ ಯಂತ್ರವನ್ನೂ ಒಯ್ಯುತ್ತದೆ. ಕೊಟ್ಟಿಗೆಯೂ ಸುಮ್ಮನಾಗುತ್ತದೆ, ಮನೆಯೂ ಸುಮ್ಮನಾಗುತ್ತದೆ. ಇದನ್ನೆಲ್ಲ ಅವನು ಯೋಚಿಸಿದನೋ, ಯೋಚಿಸಿದೆ ಎಂದು ಆಮೇಲೆ ಅನ್ನಿಸಿತೋ, ಹೇಳುವುದು ಕಷ್ಟ. ಬಾಯಿ ಮಾತ್ರ ತನ್ನ ಕೆಲಸ ಮಾಡಿತು.

"ದಿನಾ ಹೀಗೇ" ಎಂದ.

ಕ್ವಿಗ್ಲಿ ಅದನ್ನು ಬರೆದುಕೊಂಡ. ಆಮೇಲೆ ಬರ್ನಡೀನಳ ಕಡೆ ತಿರುಗಿದ. "ಮೇಡಂ, ನೀವೇನಾದ್ರೂ ಹೇಳೋದಿದೆಯಾ?"

ಬರ್ನಡೀನ್ ತಮ್ಮನ ಮುಖ ನೋಡಿದಳು. 

"ಕಾಫಿ ಆರಿಹೋಗುತ್ತೆ" ಎಂದಳು. "ತಗೊಳ್ಳಿ."

ಕ್ವಿಗ್ಲಿ ಎರಡು ತುಂಡು ಪೈ ತಿಂದ. ಚೆನ್ನಾಗಿದೆ ಎಂದು ಎರಡು ಸಲ ಹೇಳಿದ. ಹೇಳಿದಷ್ಟು ಓಡುತ್ತಿವೆ, ದೋಷವಿಲ್ಲ ಎಂದು ಬರೆದ ಹಾಳೆಗೆ ಓರಿನ್‌ನಿಂದ ಸಹಿ ಹಾಕಿಸಿಕೊಂಡ. ಓರಿನ್ ಸಹಿ ಹಾಕುವಾಗ, ಪಾಪ, ಕ್ವಿಗ್ಲಿಯೇ ಮುಜುಗರಪಟ್ಟು ಬೇರೆ ಕಡೆ ನೋಡುತ್ತಿದ್ದ. ಕಾರು ಲೈಲಾಕ್‌ಗಳ ಆಚೆ ತಿರುಗಿ ಮರೆಯಾಯಿತು. ಬರ್ನಡೀನ್ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಬೈಯುತ್ತಾಳೆಂದು ಓರಿನ್ ಅಂಗಳದಲ್ಲೇ ನಿಂತ, ಕಪ್ಪು ತೊಳೆಯುವ ಸದ್ದು ಬಿಟ್ಟು ಬೇರೇನೂ ಬರಲಿಲ್ಲ. ಕೊಟ್ಟಿಗೆಗೆ ಹೋಗಿ ದೊಡ್ಡ ಬಾಗಿಲು ಎಳೆದ, ಊರಿಗೆ ಕೊಟ್ಟ ಮಾತು ಅದು. ಗಾಳಿ ನಿಂತಿತು. ಬೆಚ್ಚಗಿನ ಕಮಟು ವಾಸನೆ ಮೆಲ್ಲಗೆ ತುಂಬಿಕೊಂಡಿತು. ಅವನು ಯಂತ್ರಗಳ ವೇಗ ತೋರಿಸುವ ತಮ್ಮದೇ ಪರದೆಯ ಮುಂದೆ, ಕ್ವಿಗ್ಲಿ ಕೂತಿದ್ದ ಬಕೆಟ್ಟಿನ ಮೇಲೇ ಕೂತು ಅಂಕಿ ಇಳಿಯುವುದನ್ನು ನೋಡಿದ. ತೊಂಬತ್ತು. ಎಂಬತ್ತೇಳು. ಯಾವ ನಾಚಿಕೆಯೂ ಇಲ್ಲದೆ, ಯಾವ ಅವಸರವೂ ಇಲ್ಲದೆ ಅವು ತಮ್ಮ ಹಳೆಯ ವೇಗಕ್ಕೆ ಮರಳುತ್ತಿದ್ದವು. ಒಂದು ಯಂತ್ರವನ್ನು ಬೂಟಿನಿಂದ ಒದೆಯಬೇಕೆನ್ನಿಸಿತು. ಒದೆಯಲು ಕಾಲು ಏಳಲಿಲ್ಲ.

ಕ್ವಿಗ್ಲಿಗೆ ಫೋನ್ ಮಾಡಬಹುದೇ? ಹಾಳೆಯಲ್ಲಿ ಅವನ ನಂಬರಿತ್ತು. ಏನೆಂದು ಹೇಳುವುದು? ಸಹಿ ಹಾಕಿದ ಮೇಲೆ ಆ ಕಂಪನಿಯವರು ಇನ್ನು ಯಾವ ಮಾತನ್ನೂ ಕೇಳುವುದಿಲ್ಲ ಎಂದು ಚಳಿಗಾಲದಲ್ಲೇ ಬರ್ನಡೀನ್ ಅವನಿಗೆ ಓದಿ ಹೇಳಿದ್ದಳು, ಸಾವಿರ ಸಲ ಯೋಚಿಸಿ ಸಹಿ ಹಾಕು ಎಂದಿದ್ದಳು. ಅವನು ಒಂದು ಸಲವೂ ಯೋಚಿಸಿರಲಿಲ್ಲ. ಕೈಗೆ ಪೆನ್ನು ಕೊಟ್ಟರು, ಹಾಕಿದ. ಒಳ್ಳೆಯವನಾಗಿ ಕಾಣಬೇಕೆಂಬ ಚಪಲ ಮನುಷ್ಯನನ್ನು ಎಷ್ಟು ದೂರ ಎಳೆದುಕೊಂಡು ಹೋಗುತ್ತದೆ ಎಂದು ಯೋಚಿಸಿದ. ಹೀಗೆ ಯೋಚಿಸುವುದರಲ್ಲೂ ತಾನು ಚಪಲಕ್ಕೆ ಬಲಿಯಾದವನು, ಅಷ್ಟೇ, ಬೇರೇನಿಲ್ಲ ಎಂಬ ಸಮಾಧಾನವೊಂದು ಅಡಗಿತ್ತು. ಆ ಸಮಾಧಾನವನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡ.

ಬರ್ನಡೀನ್ ಜಗುಲಿಯ ಬೆಂಚಿನ ಮೇಲೆ ಬೂಟು ಬಿಚ್ಚಿ ಮಂಡಿ ತಿಕ್ಕಿಕೊಳ್ಳುತ್ತ ಕೂತಿದ್ದಳು. ಅವನು ಬಂದು ಕೆಳಗಿನ ಕಲ್ಲಿನ ಮೇಲೆ ಕೂತ.

"ಎಷ್ಟಾಯ್ತು?" ಎಂದಳು.

"ಎಂಬತ್ತೊಂದು."

"ಜಾಣ ಪ್ರಾಣಿಗಳು. ನೆಂಟರ ಮುಂದೆ ನಿನ್ನ ಮಾನ ಕಾದವು."

"ಬರ್ನಿ, ಅದು ಬಾಯಿ ತಪ್ಪಿ ಬಂದುಬಿಡ್ತು. ಹೊರಗಿನವನು ನಿಂತು ಹಾಗೆ ಕೇಳಿದ್ರೆ... ನಿನಗೇ ಗೊತ್ತಲ್ಲ, ಅಪ್ಪ ನಮ್ಮನ್ನ ಬೆಳೆಸಿದ್ದು..."

"ಸತ್ತವನನ್ನ ಎಬ್ಬಿಸಬೇಡ. ಅವನಿಗೂ ಇದಕ್ಕೂ ಸಂಬಂಧ ಇಲ್ಲ." ಅವಳು ಇನ್ನೊಂದು ಮಂಡಿಗೆ ಕೈ ಹಾಕಿದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿರುತ್ತಿತ್ತು. "ನೀನು ಗಾಳಿ ಹೊಡೀತಿದ್ದದ್ದು ನನಗೆ ಹಾಸಿಗೆಯಲ್ಲೇ ಕೇಳಿಸ್ತು. ಇಳಿದು ಬಂದು ನಿಲ್ಲಿಸಬಹುದಿತ್ತು, ಬರಲಿಲ್ಲ. ಗಲೀಜು ಕೊಟ್ಟಿಗೆ ತೋರಿಸೋಕೆ ನನಗೂ ಮನಸ್ಸಿರಲಿಲ್ಲ ಕಣೋ. ಪೈ ಮಾಡಿದ್ದು ಯಾರು? ಅವನು ಕೇಳಿದಾಗ ನಾನೂ ಬಾಯಿ ಬಿಡಬಹುದಿತ್ತು. ಹೊರಗಿನವನ ಮುಂದೆ ನನ್ನ ತಮ್ಮ ಸುಳ್ಳು ಹೇಳ್ತಿದ್ದಾನೆ ಅಂತ ಹೇಗೆ ಹೇಳ್ಲಿ? ಅಲ್ಲೀವರೆಗೂ ನಾವಿಬ್ಬರೂ ಒಂದೇ."

"ಹಾಗಾದ್ರೆ..."

"ನೀನು ಜಂಬಕ್ಕೆ ಹಾಗಂದೆ ಅಂದ್ಕೊಂಡೆ. ಜಂಬ ಆಗಿದ್ರೆ ಒಂದೆರಡು ದಿನ ಮಾತು ಬಿಟ್ಟು ಆಮೇಲೆ ಸರಿಹೋಗ್ತಿದ್ದೆ. ಆದರೆ ಅವನ ಕಾರು ಹೋದ ಮೇಲೆ ನಿನ್ನ ಮುಖ ನೋಡಿದೆ."

"ಏನಾಗಿತ್ತು ಮುಖಕ್ಕೆ?"

"ಹಗುರಾಗಿತ್ತು."

ಓರಿನ್ ಅಲ್ಲಗಳೆಯಲು ಬಾಯಿ ತೆರೆದ. ಒಳಗೆ ಹುಡುಕಿದ.  ತಾನು ಗಟ್ಟಿಯಾಗಿ ಹಿಡಿದುಕೊಂಡಿದ್ದ ಸಮಾಧಾನ ಕೈಬಿಟ್ಟು ಹೋದದ್ದು ತಿಳಿಯಿತು, ಅದರ ಜಾಗದಲ್ಲಿ ಬೇರೊಂದು ಇತ್ತು. ಅವಳ ಮನೆ ಕೈತಪ್ಪಿದ್ದಕ್ಕೆ ಅವನಿಗೆ ನಿಜವಾಗಿಯೂ ದುಃಖವಾಗಿತ್ತು. ಅವಳು ಹೋಗುವುದಿಲ್ಲ ಎಂದು ನಿಜವಾಗಿಯೂ ಸಂತೋಷವಾಗಿತ್ತು. ಅದನ್ನು ಅವಳು ಅವನಿಗಿಂತ ಮೊದಲೇ ನೋಡಿಬಿಟ್ಟಿದ್ದಳು.

"ಒಬ್ಬನೇ ಇರೋಕಾಗಲ್ಲ, ಇರು ಬರ್ನಿ ಅಂತ ಒಂದು ಮಾತು ಕೇಳಿದ್ದಿದ್ದರೆ ಇರ್ತಿದ್ದೆನಲ್ಲೋ" ಎಂದಳು. "ಆ ಹಸಿರು ಬಣ್ಣಾನ ಇಲ್ಲೇ ಬಳೀತಿದ್ದೆ. ಚಳಿಗಾಲವೆಲ್ಲ ಆ ಫೋನಲ್ಲಿ ಕಿರುಚ್ತಿದ್ದಾಗ ಎಷ್ಟು ಸಲ ಅನ್ನಿಸಿದೆ, ಇವನು ಒಂದು ಸಲ ಕೇಳಿದ್ರೆ ಇದನ್ನ ಇಟ್ಟುಬಿಡ್ತೀನಿ ಅಂತ."

ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು. ಓಡಿಸುತ್ತಿದ್ದವನು ಕೈಯೆತ್ತಿದ, ಇಬ್ಬರೂ ಕೈಯೆತ್ತಿದರು.

"ಈಗ ಕೇಳ್ತೀನಿ" ಎಂದ ಓರಿನ್. ಅವಳ ಮುಖ ನೋಡಲಾಗದೆ, ಅವಳು ಬಿಚ್ಚಿಟ್ಟಿದ್ದ ಬೂಟಿಗೆ ಹೇಳಿದ. "ಇರು ಬರ್ನಿ."

"ಇರ್ತೀನಿ. ಇನ್ನೆಲ್ಲಿಗೆ ಹೋಗ್ಲಿ?" ಬರ್ನಡೀನ್ ಬಾಗಿ ಬೂಟನ್ನು ಅವನ ಮುಂದಿನಿಂದ ಎಳೆದುಕೊಂಡಳು. "ಆದರೆ ನೀನು ಕೇಳಿದೆ ಅಂತ ಇರ್ತೀನೋ, ಹೋಗೋಕೆ ಜಾಗ ಇಲ್ಲ ಅಂತ ಇರ್ತೀನೋ. ಅದನ್ನ ಇನ್ನು ಯಾವತ್ತೂ ನೀನು ತಿಳ್ಕೊಳ್ಳೋಕಾಗಲ್ಲ, ನಾನೂ ಹೇಳೋಕಾಗಲ್ಲ. ಅಷ್ಟು ಮಾಡಿದೆ ನೀನು."

ಅವಳು ಬೂಟು ಹಾಕಿಕೊಂಡು, ಲೈಬ್ರರಿ ಪಕ್ಕದ ಮನೆಯವರಿಗೆ ಕಾಯಬೇಡಿ ಎಂದು ಹೇಳಲು ಫೋನಿನ ಕಡೆಗೆ ಹೋದಳು.